ಮೂರನೆಯವರ ಲೆಕ್ಕ: ಅಮೆರಿಕದ ಚುನಾವಣೆಯಲ್ಲಿ ಎರಡು ಪಕ್ಷಗಳಾಚೆಯ ಮತ

1948ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಲೆಕ್ಕಕ್ಕೆ ಸಿಗುವಂಥ ನಾಲ್ವರು ಹುರಿಯಾಳುಗಳಿದ್ದರು. ಡೆಮಾಕ್ರಟಿಕ್ ಪಕ್ಷದ ಹ್ಯಾರಿ ಟ್ರೂಮನ್ ಮತ್ತು ರಿಪಬ್ಲಿಕನ್ ಪಕ್ಷದ ಥಾಮಸ್ ಡ್ಯೂಯಿ ಅವರ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಉಳಿದಿದೆ. ಉಳಿದಿಬ್ಬರ ಕಥೆ ಅದಕ್ಕಿಂತ ಸ್ವಾರಸ್ಯದ್ದು. ಒಬ್ಬರು ದಕ್ಷಿಣ ಕೆರೊಲಿನಾದ ಗವರ್ನರ್ ಸ್ಟ್ರಾಮ್ ಥರ್ಮಂಡ್. ಕಪ್ಪು ಜನರಿಗೆ ನಾಗರಿಕ ಹಕ್ಕು ಕೊಡುವ ಮಾತು ಬಂದದ್ದೇ ತಡ, ಡೆಮಾಕ್ರಟಿಕ್ ಪಕ್ಷದಿಂದ ಸಿಡಿದು ಹೊರಬಂದವರು. ಇನ್ನೊಬ್ಬರು ಹೆನ್ರಿ ವ್ಯಾಲೇಸ್. ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ ಉಪಾಧ್ಯಕ್ಷರಾಗಿದ್ದವರು, ಅದೇ ಪಕ್ಷದ ಎಡಬದಿಯಿಂದ ಹೊರಟು ವರ್ಣಭೇದ ತೊಲಗಬೇಕು, ರಷ್ಯಾದೊಡನೆ ಜಗಳ ನಿಲ್ಲಬೇಕು ಎಂದು ಊರೂರು ಸುತ್ತಿದವರು. ಮತ ಎಣಿಸಿದಾಗ ಇಬ್ಬರಿಗೂ ಸಿಕ್ಕಿದ್ದು ಹನ್ನೊಂದೂವರೆ ಲಕ್ಷದ ಆಸುಪಾಸು, ಒಟ್ಟು ಮತದ ಶೇ 2.4. ಆದರೆ ಅಧ್ಯಕ್ಷರನ್ನು ನಿಜವಾಗಿ ಆರಿಸುವ ಎಲೆಕ್ಟೊರಲ್ ಕಾಲೇಜಿನಲ್ಲಿ ಥರ್ಮಂಡ್‌ಗೆ 39 ಮತ, ವ್ಯಾಲೇಸ್‌ಗೆ ಸೊನ್ನೆ.

ಅದೇ ದೇಶ, ಅದೇ ದಿನ, ಹೆಚ್ಚುಕಡಿಮೆ ಅಷ್ಟೇ ಜನ. ಬೇರೆಯಾಗಿದ್ದದ್ದು ಆ ಜನ ಇದ್ದ ಜಾಗ ಮಾತ್ರ. ಥರ್ಮಂಡ್ ಅವರ ಮತಗಳು ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ರಾಶಿಯಾಗಿ ಬಿದ್ದವು. ಅಲಬಾಮದಲ್ಲಂತೂ ಹಾಲಿ ಅಧ್ಯಕ್ಷ ಟ್ರೂಮನ್ ಹೆಸರೇ ಮತಪತ್ರದಲ್ಲಿರಲಿಲ್ಲ. ವ್ಯಾಲೇಸ್ ಮತಗಳು ದೇಶದ ತುಂಬ ಚೆಲ್ಲಿಹೋದವು. ನ್ಯೂಯಾರ್ಕ್ ರಾಜ್ಯವೊಂದರಲ್ಲೇ ಅವರಿಗೆ ಐದು ಲಕ್ಷ ಮತ ಬಂದಿತ್ತು, ಆದರೂ ಅಲ್ಲಿ ಅವರು ಮೂರನೆಯವರು. ಆ ಐದು ಲಕ್ಷದಿಂದ ಆದದ್ದು ಇಷ್ಟೇ: ಡ್ಯೂಯಿ ಸುಮಾರು 61 ಸಾವಿರ ಮತಗಳ ಅಂತರದಲ್ಲಿ ಟ್ರೂಮನ್‌ರನ್ನು ಹಿಂದೆ ಹಾಕಿ ಆ ರಾಜ್ಯವನ್ನು ಗೆದ್ದರು.

ನಲವತ್ತನಾಲ್ಕು ವರ್ಷಗಳ ನಂತರ, 1992ರಲ್ಲಿ, ಟೆಕ್ಸಾಸಿನ ಉದ್ಯಮಿ ರಾಸ್ ಪೆರೊ 1.97 ಕೋಟಿ ಮತ ಪಡೆದರು. ನೂರಕ್ಕೆ ಹತ್ತೊಂಬತ್ತು ಜನ ಅವರಿಗೆ ಮತ ಹಾಕಿದ್ದರು. ಎಲೆಕ್ಟೊರಲ್ ಮತ ಮತ್ತೆ ಸೊನ್ನೆ.

ಅಮೆರಿಕದಲ್ಲಿ ಎರಡೇ ಪಕ್ಷಗಳಿರಬೇಕೆಂದು ಸಂವಿಧಾನ ಎಲ್ಲಿಯೂ ಹೇಳಿಲ್ಲ. ಆ ಸಂವಿಧಾನದಲ್ಲಿ ಪಕ್ಷಗಳ ಪ್ರಸ್ತಾಪವೇ ಇಲ್ಲ. ಹಾಗಿದ್ದೂ ಒಂದೂವರೆ ಶತಮಾನದಿಂದ ಅದೇ ಎರಡು ಪಕ್ಷಗಳು ಕುರ್ಚಿ ಬದಲಿಸಿಕೊಳ್ಳುತ್ತ ಬಂದಿರುವುದಕ್ಕೆ ಮುಖ್ಯ ಕಾರಣ ಮತ ಎಣಿಸುವ ನಿಯಮ. ಒಂದು ಕ್ಷೇತ್ರ, ಒಂದು ಸ್ಥಾನ, ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರಿಗೆ ಗೆಲುವು. ಈ ಪದ್ಧತಿ ಇರುವಲ್ಲಿ ಕಣ ಎರಡು ಪಕ್ಷಗಳಿಗೆ ಇಳಿಯುತ್ತದೆಂದು ಫ್ರಾನ್ಸಿನ ಮಾರಿಸ್ ದ್ಯುವರ್ಜೆ 1951ರಲ್ಲಿ ವಾದಿಸಿದರು. ಮೂರನೆಯ ಪಕ್ಷಕ್ಕೆ ಬಿದ್ದ ಮತ ಸ್ಥಾನವಾಗಿ ಮಾರ್ಪಡುವುದಿಲ್ಲ. ಅದು ಗೊತ್ತಾದ ಮತದಾರ ಮುಂದಿನ ಸಲ ಇಷ್ಟದವರನ್ನು ಬಿಟ್ಟು ಗೆಲ್ಲಬಲ್ಲವರ ಕಡೆ ವಾಲುತ್ತಾನೆ. ಭಾರತದಲ್ಲಿಯೂ ಇದೇ ನಿಯಮ ಇದೆಯಲ್ಲ, ಇಲ್ಲಿ ಡಜನ್‌ಗಟ್ಟಲೆ ಪಕ್ಷಗಳು ಹೇಗೆ ಬದುಕಿವೆ ಎಂದು ಸಭಿಕರು ಕೇಳಬಹುದು. ಉತ್ತರ ಥರ್ಮಂಡ್ ಲೆಕ್ಕದಲ್ಲಿಯೇ ಇದೆ. ಮತ ಒಂದೇ ಕಡೆ ಗುಡ್ಡೆಬಿದ್ದರೆ ಸಣ್ಣ ಪಕ್ಷವೂ ಗೆಲ್ಲುತ್ತದೆ, ಪ್ರಾದೇಶಿಕ ಪಕ್ಷಗಳ ಬಲ ಇರುವುದು ಅಲ್ಲೇ. ಅಮೆರಿಕದಲ್ಲಿ ಅದರ ಮೇಲೆ ಇನ್ನೊಂದು ಪದರ ಸೇರಿದೆ: 50 ರಾಜ್ಯಗಳ ಪೈಕಿ 48ರಲ್ಲಿ ಒಂದು ಮತದಿಂದ ಮುಂದಿದ್ದರೂ ಆ ರಾಜ್ಯದ ಎಲ್ಲ ಎಲೆಕ್ಟೊರಲ್ ಮತಗಳೂ ಒಬ್ಬರಿಗೇ.

ಈ ಪದರ ಎಷ್ಟು ದುಬಾರಿಯಾಗಬಹುದೆಂದು ಜಗತ್ತು ನೋಡಿದ್ದು 2000ದಲ್ಲಿ, ಫ್ಲಾರಿಡಾದಲ್ಲಿ. ಸುಮಾರು 60 ಲಕ್ಷ ಮತ ಬಿದ್ದಿದ್ದ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಮುಂದಿದ್ದದ್ದು 537 ಮತಗಳಿಂದ. 2004ರ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಒಂದು ಮತದ ಸೋಲನ್ನು ಕಂಡ ಕನ್ನಡಿಗರಿಗೆ 537 ದೊಡ್ಡ ಸಂಖ್ಯೆ ಅನ್ನಿಸಲಾರದು. ಆದರೆ ಅಲ್ಲಿ ಪಣಕ್ಕಿದ್ದದ್ದು ಇಡೀ ದೇಶದ ಅಧ್ಯಕ್ಷ ಪದವಿ. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅಲ್ಲಿ 97,488 ಮತ ಪಡೆದಿದ್ದರು. ಕಾರುಗಳಿಗೆ ಸೀಟ್ ಬೆಲ್ಟ್ ಬರುವಂತೆ ಮಾಡಿದ ಗ್ರಾಹಕ ಹೋರಾಟಗಾರ ಎಂದು ಮನೆಮನೆಗೂ ಗೊತ್ತಿದ್ದ ವ್ಯಕ್ತಿ ಒಂದೇ ರಾತ್ರಿಯಲ್ಲಿ ಮತ ಕೆಡಿಸಿದವನಾದ. ಸೋತ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್ ಬೆಂಬಲಿಗರು ಅವರನ್ನು ಇಂದಿಗೂ ಕ್ಷಮಿಸಿಲ್ಲ.

ಲೆಕ್ಕ ಬಿಡಿಸಿ ನೋಡಿದರೆ ಚಿತ್ರ ಸ್ವಲ್ಪ ಬೇರೆ. ಆ ಸಲ ಫ್ಲಾರಿಡಾದ ಮತಪತ್ರದಲ್ಲಿ ಬುಷ್ ಮತ್ತು ಗೋರ್ ಹೊರತಾಗಿ ಇನ್ನೂ ಎಂಟು ಹೆಸರುಗಳಿದ್ದವು. ಅವರಲ್ಲಿ ಎಲ್ಲರಿಗಿಂತ ಕಡಿಮೆ ಮತ ಪಡೆದವರು ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದ ಜೇಮ್ಸ್ ಹ್ಯಾರಿಸ್: 562. ಅಂದರೆ ಎಂಟು ಜನರಲ್ಲಿ ಒಬ್ಬೊಬ್ಬರ ಮತವೂ 537ಕ್ಕಿಂತ ಹೆಚ್ಚು. ಪಾಮ್ ಬೀಚ್ ಕೌಂಟಿಯಲ್ಲಿ ಚಿಟ್ಟೆಯ ರೆಕ್ಕೆಯಂತೆ ಎರಡು ಪುಟಕ್ಕೆ ಹರಡಿದ್ದ ಮತಪತ್ರ ಗೊಂದಲ ಎಬ್ಬಿಸಿ, ಗೋರ್‌ಗೆ ಬೀಳಬೇಕಿದ್ದ ಸಾವಿರಾರು ಮತಗಳು ಕಟ್ಟಾ ಬಲಪಂಥೀಯ ಪ್ಯಾಟ್ ಬ್ಯುಕ್ಯಾನನ್ ಪಾಲಾದವೆಂಬ ದೂರು ಬೇರೆ. ನ್ಯೂ ಹ್ಯಾಂಪ್‌ಷೈರಿನಲ್ಲಿ ಬುಷ್ ಗೆದ್ದದ್ದು ಏಳು ಸಾವಿರ ಚಿಲ್ಲರೆ ಮತದಿಂದ, ನೇಡರ್‌ಗೆ ಅಲ್ಲಿ 22 ಸಾವಿರ. ಆ ಪುಟ್ಟ ರಾಜ್ಯದ ನಾಲ್ಕು ಎಲೆಕ್ಟೊರಲ್ ಮತ ಬಂದಿದ್ದರೂ ಗೋರ್ ಅಧ್ಯಕ್ಷರಾಗುತ್ತಿದ್ದರು. ದೇಶದ ಒಟ್ಟು ಮತದಲ್ಲಂತೂ ಅವರು ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಇಷ್ಟೆಲ್ಲ ಇರುವಾಗ ಬೈಗುಳವೆಲ್ಲ ನೇಡರ್ ತಲೆಗೆ ಬಂದು, ಎಣಿಕೆಯ ನಿಯಮ ತಪ್ಪಿಸಿಕೊಂಡಿತು. ನೇಡರ್‌ಗೆ ಮತ ಹಾಕಿದವರಲ್ಲಿ ಹೆಚ್ಚಿನವರಿಗೆ ಬುಷ್‌ಗಿಂತ ಗೋರ್ ವಾಸಿ ಅನ್ನಿಸಿದ್ದಿರಬಹುದು. ಅದನ್ನು ಬರೆದು ತಿಳಿಸಲು ಮತಪತ್ರದಲ್ಲಿ ಜಾಗವೇ ಇರಲಿಲ್ಲ. ಈ ಉಪನ್ಯಾಸದ ವಾದದ ತಿರುಳು ಇದು.

ಮೂರನೆಯವರು ಸೋತರೂ ಏನೂ ಸಾಧಿಸಲಿಲ್ಲ ಎನ್ನುವಂತಿಲ್ಲ. 1892ರಲ್ಲಿ ಸಾಲದಲ್ಲಿ ಮುಳುಗಿದ್ದ ರೈತರು ಕಟ್ಟಿದ ಪೀಪಲ್ಸ್ ಪಾರ್ಟಿ, ಜೇಮ್ಸ್ ವೀವರ್ ಅವರನ್ನು ನಿಲ್ಲಿಸಿ 22 ಎಲೆಕ್ಟೊರಲ್ ಮತ ಪಡೆಯಿತು. ಆದಾಯ ಹೆಚ್ಚಿದಂತೆ ಹೆಚ್ಚುವ ತೆರಿಗೆ ಬೇಕು, ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕು ಎಂಬಿವು ಅವರ ಬೇಡಿಕೆಗಳಲ್ಲಿ ಸೇರಿದ್ದವು. ಆಗ ಅದು ಹುಚ್ಚರ ಮಾತೆಂದು ಪೂರ್ವದ ಪತ್ರಿಕೆಗಳು ನಕ್ಕವು. 1913ರ ಹೊತ್ತಿಗೆ ಆದಾಯ ತೆರಿಗೆಯೂ ಸೆನೆಟ್‌ನ ನೇರ ಚುನಾವಣೆಯೂ ಸಂವಿಧಾನದ 16 ಮತ್ತು 17ನೇ ತಿದ್ದುಪಡಿಗಳಾಗಿ ಬಂದುಬಿಟ್ಟಿದ್ದವು. ಬೇಡಿಕೆ ಉಳಿಯಿತು, ಪಕ್ಷ ಕರಗಿಹೋಯಿತು.

1912ರ ಚುನಾವಣೆಯಲ್ಲಿ ಮೂರನೆಯವರು ಯಾರೆಂಬುದೇ ತಿರುಗುಮುರುಗಾಯಿತು. ಮಾಜಿ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ತಮ್ಮದೇ ಶಿಷ್ಯ, ಹಾಲಿ ಅಧ್ಯಕ್ಷ ವಿಲಿಯಂ ಟಾಫ್ಟ್ ವಿರುದ್ಧ ಸಿಟ್ಟಾಗಿ ಪ್ರೊಗ್ರೆಸಿವ್ ಪಕ್ಷ ಕಟ್ಟಿದರು. ಮಿಲ್ವಾಕಿಯಲ್ಲಿ ಎದೆಗೆ ಗುಂಡು ಬಿದ್ದ ಮೇಲೂ ಭಾಷಣ ಮುಗಿಸಿಯೇ ಆಸ್ಪತ್ರೆಗೆ ಹೋದ ಆಸಾಮಿ ಅವರು. ಅವರಿಗೆ ಶೇ 27, ಟಾಫ್ಟ್‌ಗೆ ಶೇ 23. ಶೇ 42ಕ್ಕೂ ಕಡಿಮೆ ಮತ ಪಡೆದ ವುಡ್ರೊ ವಿಲ್ಸನ್ 48ರಲ್ಲಿ 40 ರಾಜ್ಯಗಳನ್ನು ಗೆದ್ದರು. ಹಾಲಿ ಅಧ್ಯಕ್ಷರ ಪಾಲಿಗೆ ಬಂದದ್ದು ಯೂಟಾ ಮತ್ತು ವರ್ಮಾಂಟ್, ಎರಡೇ ರಾಜ್ಯ.

ಇಂಥ ಆಘಾತಗಳ ನಂತರ ಎರಡು ದೊಡ್ಡ ಪಕ್ಷಗಳು ನಿಯಮ ಬದಲಿಸಲು ಹೊರಟದ್ದು ಅಪರೂಪ. ಗೆದ್ದವರು ಯಾಕೆ ಬದಲಿಸಿಯಾರು? ಒಂದು ಸಲ ಮಾತ್ರ ಬಾಗಿಲು ತೆರೆಯುವ ಹಂತಕ್ಕೆ ಬಂದಿತ್ತು. 1968ರಲ್ಲಿ ಅಲಬಾಮದ ಜಾರ್ಜ್ ವ್ಯಾಲೇಸ್ (ಮೊದಲಿನ ವ್ಯಾಲೇಸ್‌ಗೂ ಇವರಿಗೂ ಹೆಸರೊಂದರ ಹೊರತು ಯಾವ ಸಂಬಂಧವೂ ಇಲ್ಲ, ವಿಚಾರದಲ್ಲಂತೂ ಎಣ್ಣೆ ಸೀಗೆಕಾಯಿ) ವರ್ಣಭೇದದ ಹೆಸರಿನಲ್ಲಿ ಐದು ರಾಜ್ಯ ಗೆದ್ದು 46 ಎಲೆಕ್ಟೊರಲ್ ಮತ ಪಡೆದರು. ಅವರ ಗುರಿ ಗೆಲುವಲ್ಲ. ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳಾದ ನಿಕ್ಸನ್, ಹಂಫ್ರಿ ಇಬ್ಬರಿಗೂ ಬಹುಮತ ಬಾರದಂತೆ ನೋಡಿಕೊಂಡು ಆಮೇಲೆ ಚೌಕಾಸಿಗೆ ಕೂರುವುದು. ಅದು ತಪ್ಪಿತು, ಆದರೆ ಎರಡೂ ಪಕ್ಷಗಳು ಬೆವತವು. 1969ರ ಸೆಪ್ಟೆಂಬರಿನಲ್ಲಿ ಎಲೆಕ್ಟೊರಲ್ ಕಾಲೇಜನ್ನೇ ರದ್ದು ಮಾಡುವ ಸಂವಿಧಾನ ತಿದ್ದುಪಡಿಗೆ ಪ್ರತಿನಿಧಿ ಸಭೆ 338–70 ಮತಗಳಿಂದ ಒಪ್ಪಿಗೆ ಕೊಟ್ಟಿತು. ನೇರ ಮತದಾನ, ಯಾರಿಗೂ ಶೇ 40 ಬರದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. ಅಧ್ಯಕ್ಷರಾಗಿದ್ದ ನಿಕ್ಸನ್ ಕೂಡ ಒಪ್ಪಿದ್ದರು. ಮಸೂದೆ ಸೆನೆಟ್‌ಗೆ ಹೋಯಿತು. ಮಾತು ಮುಗಿಸದೆ ಮಸೂದೆಯನ್ನು ಉಸಿರುಗಟ್ಟಿಸುವ ಫಿಲಿಬಸ್ಟರ್ ತಂತ್ರ ಹೂಡಿದ ದಕ್ಷಿಣದ ಸೆನೆಟರುಗಳಲ್ಲಿ ಒಬ್ಬರು 1948ರ ಅದೇ ಸ್ಟ್ರಾಮ್ ಥರ್ಮಂಡ್, ಅಷ್ಟರಲ್ಲಿ ರಿಪಬ್ಲಿಕನ್ ಆಗಿದ್ದವರು. 1970ರ ಸೆಪ್ಟೆಂಬರಿನಲ್ಲಿ ಚರ್ಚೆ ನಿಲ್ಲಿಸುವ ಗೊತ್ತುವಳಿಗೆ 54 ಮತ ಬಿದ್ದವು, ಬೇಕಿದ್ದದ್ದು ಮೂರನೇ ಎರಡು ಭಾಗ. ಮಸೂದೆ ಸತ್ತಿತು. ತನಗೆ 39 ಮತ ಕೊಟ್ಟಿದ್ದ ನಿಯಮವನ್ನು ಥರ್ಮಂಡ್ ಉಳಿಸಿಕೊಂಡರು.

ಕಣಕ್ಕಿಳಿಯುವ ದಾರಿಯಲ್ಲೇ ಮುಳ್ಳು ಹಾಕುವ ಕೆಲಸವೂ ನಡೆದಿದೆ. ಮತಪತ್ರದಲ್ಲಿ ಹೆಸರು ಬರಬೇಕಾದರೆ ಎಷ್ಟು ಸಹಿ ತರಬೇಕೆಂಬುದನ್ನು ಒಂದೊಂದು ರಾಜ್ಯ ಒಂದೊಂದು ರೀತಿ ನಿಗದಿ ಮಾಡುತ್ತದೆ. ಅಧ್ಯಕ್ಷೀಯ ಚರ್ಚೆಗಳನ್ನು ನಡೆಸಲು 1987ರಲ್ಲಿ ಎರಡು ಪಕ್ಷಗಳೇ ಸೇರಿ ಒಂದು ಆಯೋಗ ಕಟ್ಟಿಕೊಂಡವು. 1992ರಲ್ಲಿ ಪೆರೊ ವೇದಿಕೆ ಹತ್ತಿದರು, 1996ರಲ್ಲಿ ಕರೆಯಲಿಲ್ಲ, 2000ದಿಂದ ಸಮೀಕ್ಷೆಗಳಲ್ಲಿ ಶೇ 15 ಇದ್ದವರಿಗಷ್ಟೇ ಜಾಗ ಎಂದಾಯಿತು. ಆಮೇಲೆ ಅಲ್ಲಿ ಮೂರನೆಯವರು ಯಾರೂ ನಿಂತಿಲ್ಲ.

ನ್ಯೂಯಾರ್ಕಿನಲ್ಲಿ ಹಳೆಯದೊಂದು ಉಪಾಯ ಇನ್ನೂ ಉಳಿದಿದೆ. ಒಬ್ಬನೇ ಅಭ್ಯರ್ಥಿಯನ್ನು ಎರಡು ಪಕ್ಷಗಳು ನಿಲ್ಲಿಸಬಹುದು, ಮತದಾರ ಯಾವ ಪಕ್ಷದ ಸಾಲಿನಲ್ಲಿ ಬೇಕಾದರೂ ಗುರುತು ಹಾಕಬಹುದು. 1960ರಲ್ಲಿ ಕೆನಡಿ ಆ ರಾಜ್ಯ ಗೆದ್ದದ್ದು ಸುಮಾರು 3.84 ಲಕ್ಷ ಮತದಿಂದ. ಅವರಿಗೆ ಲಿಬರಲ್ ಪಕ್ಷದ ಸಾಲಿನಲ್ಲಿ ಬಿದ್ದದ್ದು ನಾಲ್ಕು ಲಕ್ಷಕ್ಕೂ ಹೆಚ್ಚು. ತನ್ನ ಮತ ಎಷ್ಟೆಂದು ತೋರಿಸಿ, ಯಾರನ್ನೂ ಸೋಲಿಸದೆ, ಸಣ್ಣ ಪಕ್ಷ ತನ್ನ ಮಾತು ನಡೆಸಿಕೊಳ್ಳುವ ಹದವಾದ ದಾರಿ ಇದು. ಹತ್ತೊಂಬತ್ತನೇ ಶತಮಾನದಲ್ಲಿ ದೇಶದ ತುಂಬ ಇತ್ತು, ರಾಜ್ಯಗಳು ಒಂದೊಂದಾಗಿ ನಿಷೇಧಿಸಿದವು. ಆ ನಿಷೇಧವನ್ನು ಮಿನೆಸೋಟದ ನ್ಯೂ ಪಾರ್ಟಿ ಪ್ರಶ್ನಿಸಿದಾಗ 1997ರಲ್ಲಿ ಸುಪ್ರೀಂ ಕೋರ್ಟು 6–3ರ ತೀರ್ಪಿನಲ್ಲಿ ನಿಷೇಧವನ್ನೇ ಎತ್ತಿಹಿಡಿಯಿತು. ಎರಡು ಪಕ್ಷಗಳ ಪದ್ಧತಿಯ ಸ್ಥಿರತೆ ಕಾಯುವುದರಲ್ಲಿ ರಾಜ್ಯಗಳಿಗೆ ಹಿತಾಸಕ್ತಿ ಇರಬಹುದೆಂಬುದು ಅದರ ಒಂದು ಕಾರಣ. ಸಂವಿಧಾನ ಹೆಸರಿಸದ ಪಕ್ಷಗಳಿಗೆ ನ್ಯಾಯಾಲಯ ಕೊಟ್ಟ ರಕ್ಷಣೆ ಇದು, ಕೆಟ್ಟ ತೀರ್ಪು.

ಬದಲಾವಣೆ ಬಂದದ್ದು ಶಾಸನಸಭೆಗಳನ್ನು ದಾಟಿ, ಜನರು ಸಹಿ ಸಂಗ್ರಹಿಸಿ ಜನಮತಕ್ಕೆ ಹೋದಲ್ಲಿ. ಈಶಾನ್ಯ ಮೂಲೆಯ ಮೈನ್ ರಾಜ್ಯದಲ್ಲಿ ಪಕ್ಷೇತರರಿಗೆ ಮೊದಲಿನಿಂದಲೂ ಮರ್ಯಾದೆ ಉಂಟು. ಜೇಮ್ಸ್ ಲಾಂಗ್ಲಿ, ಆಂಗಸ್ ಕಿಂಗ್ ಪಕ್ಷೇತರರಾಗಿಯೇ ಗವರ್ನರ್ ಆದವರು. 2010ರಲ್ಲಿ ಅಲ್ಲಿ ರಿಪಬ್ಲಿಕನ್ ಪಕ್ಷದ ಪಾಲ್ ಲಪಾಜ್ ಶೇ 38ರಷ್ಟು ಮತದಿಂದ ಗವರ್ನರ್ ಆದರು; ಪಕ್ಷೇತರ ಎಲಿಯಟ್ ಕಟ್ಲರ್ ಹತ್ತು ಸಾವಿರಕ್ಕೂ ಕಡಿಮೆ ಮತದಿಂದ ಹಿಂದೆ ಉಳಿದರು, ಡೆಮಾಕ್ರಟ್ ಅಭ್ಯರ್ಥಿ ಮೂರನೆಯವರಾದರು. ಆ ಕಹಿ 2016ರ ಜನಮತದಲ್ಲಿ ಹೊರಬಂತು. ಪ್ರಾಶಸ್ತ್ಯ ಮತ ಬರಲಿ ಎಂದು ಮೈನ್ ಮತದಾರರು ತೀರ್ಮಾನಿಸಿದರು. ಶಾಸನಸಭೆ ಅದನ್ನು ಮುಂದೂಡಿತು. ಜನ ಮತ್ತೆ ಸಹಿ ಸಂಗ್ರಹಿಸಿ 2018ರ ಜೂನಿನಲ್ಲಿ ಎರಡನೇ ಸಲ ಅದನ್ನೇ ಗೆಲ್ಲಿಸಿದರು.

ಪ್ರಾಶಸ್ತ್ಯ ಮತ ಎಂದರೆ ಏನೆಂದು ಕರ್ನಾಟಕದ ಪದವೀಧರರಿಗೆ ಮತ್ತು ಶಿಕ್ಷಕರಿಗೆ ವಿವರಿಸಬೇಕಾಗಿಲ್ಲ. ವಿಧಾನ ಪರಿಷತ್ತಿನ ಆ ಕ್ಷೇತ್ರಗಳಲ್ಲಿ ಅವರು ಚುನಾವಣಾ ಸಿಬ್ಬಂದಿ ಕೊಡುವ ನೇರಳೆ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ಬರೆದು ಬಂದವರೇ. ಮೊದಲ ಸುತ್ತಿನಲ್ಲಿ ಯಾರಿಗೂ ಬೇಕಾದಷ್ಟು ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ರಾಷ್ಟ್ರಪತಿ ಚುನಾವಣೆಯ ನಿಯಮವೂ ಇದೇ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರ ಬಣದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಅವರನ್ನು ವಿ.ವಿ. ಗಿರಿ ಸೋಲಿಸಿದ್ದು ಎರಡನೇ ಪ್ರಾಶಸ್ತ್ಯದ ಎಣಿಕೆಯಲ್ಲಿ. ಅಮೆರಿಕದಲ್ಲಿ ಇದನ್ನು ಮತದಾರರಿಗೆ ಅರ್ಥವಾಗದ ಜಟಿಲ ಪದ್ಧತಿ ಎಂದು ವಿರೋಧಿಗಳು ಹೇಳುವಾಗ ಶಿವಮೊಗ್ಗದ ಹೈಸ್ಕೂಲ್ ಮೇಷ್ಟ್ರೊಬ್ಬರು ನಕ್ಕುಬಿಡಬಹುದು.

ಪ್ರತಿನಿಧಿ ಸಭೆಗೆ ಸದಸ್ಯರನ್ನು ಕಳಿಸುವ ಮೈನ್‌ನ ಎರಡನೇ ಕ್ಷೇತ್ರದಲ್ಲಿ 2018ರ ನವೆಂಬರಿನಲ್ಲಿ ಹೊಸ ಎಣಿಕೆ ಪರೀಕ್ಷೆಗೆ ಬಂತು. ರಿಪಬ್ಲಿಕನ್ ಪಕ್ಷದ ಹಾಲಿ ಸದಸ್ಯ ಬ್ರೂಸ್ ಪೋಲಿಕ್ವಿನ್ ಮೊದಲ ಎಣಿಕೆಯಲ್ಲಿ ಎರಡು ಸಾವಿರ ಚಿಲ್ಲರೆ ಮತ ಮುಂದಿದ್ದರು, ಆದರೆ ಶೇ 50 ದಾಟಿರಲಿಲ್ಲ. ಇಬ್ಬರು ಪಕ್ಷೇತರರಿಗೆ ಒಟ್ಟು ಶೇ 8ರಷ್ಟು ಬಿದ್ದಿತ್ತು. ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯ ಸೇರಿಸಿದಾಗ ಡೆಮಾಕ್ರಟ್ ಜೇರೆಡ್ ಗೋಲ್ಡನ್ ಮೂರೂವರೆ ಸಾವಿರ ಮತದಿಂದ ಗೆದ್ದರು. ಪೋಲಿಕ್ವಿನ್ ಕೋರ್ಟಿಗೆ ಹೋದರು. ಟ್ರಂಪ್ ನೇಮಿಸಿದ್ದ ನ್ಯಾಯಾಧೀಶರೇ ಅರ್ಜಿ ತಳ್ಳಿಹಾಕಿದರು. ತಮಾಷೆಯೆಂದರೆ, ಗಲಾಟೆ ಶುರುವಾದ ಗವರ್ನರ್ ಹುದ್ದೆಯ ಅಂತಿಮ ಚುನಾವಣೆಗೆ ಮಾತ್ರ ಈ ಪದ್ಧತಿ ಇಲ್ಲ. ಹೆಚ್ಚು ಮತ ಪಡೆದವರೇ ಗೆದ್ದಂತೆ ಎಂದು ರಾಜ್ಯದ ಸಂವಿಧಾನದಲ್ಲಿ ಬರೆದಿರುವುದು ಅಡ್ಡ ಬಂತು.

ಈ ಮದ್ದಿಗೂ ಮಿತಿಯಿದೆ, ಅದನ್ನು ಇದೇ ಪದ್ಧತಿ ತಂದುಕೊಂಡಿದ್ದ ಅಲಾಸ್ಕಾ ತೋರಿಸಿತು. 2022ರ ಆಗಸ್ಟಿನ ಉಪಚುನಾವಣೆಯಲ್ಲಿ ಡೆಮಾಕ್ರಟ್ ಮೇರಿ ಪೆಲ್ಟೋಲಾ ಶೇ 40, ರಿಪಬ್ಲಿಕನ್ನರಾದ ಸೇರಾ ಪೇಲಿನ್ ಶೇ 31, ನಿಕ್ ಬೆಗಿಚ್ ಶೇ 28. ಬೆಗಿಚ್ ಹೊರಬಿದ್ದರು, ಅವರ ಮತದಾರರಲ್ಲಿ ಸಾಕಷ್ಟು ಮಂದಿಗೆ ಪೇಲಿನ್ ಬೇಡವಾಗಿದ್ದರಿಂದ ಪೆಲ್ಟೋಲಾ ಗೆದ್ದು, ಅಲಾಸ್ಕಾದ ಮೂಲನಿವಾಸಿಗಳಲ್ಲಿ ಕಾಂಗ್ರೆಸ್ ಪ್ರವೇಶಿಸಿದ ಮೊದಲಿಗರಾದರು. ಆಮೇಲೆ ಮತಪತ್ರಗಳನ್ನು ವಿಂಗಡಿಸಿ ನೋಡಿದಾಗ ತಿಳಿದದ್ದು: ಬೆಗಿಚ್ ಒಬ್ಬೊಬ್ಬರೆದುರು ಒಂಟಿಯಾಗಿ ನಿಂತಿದ್ದರೆ ಇಬ್ಬರನ್ನೂ ಸೋಲಿಸುತ್ತಿದ್ದರು. ಎಲ್ಲರಿಗೂ ಒಪ್ಪಿಗೆಯಾಗಬಲ್ಲವರು ಮೊದಲ ಪ್ರಾಶಸ್ತ್ಯ ಸಾಲದೆ ಮೊದಲೇ ಕಳಚಿಕೊಂಡರು. ವರ್ಮಾಂಟಿನ ಬರ್ಲಿಂಗ್ಟನ್ ನಗರದ 2009ರ ಮೇಯರ್ ಚುನಾವಣೆಯಲ್ಲಿಯೂ ಹೀಗೇ ಆಗಿ, ಮರುವರ್ಷವೇ ಜನ ಆ ಪದ್ಧತಿಯನ್ನು ಕಿತ್ತುಹಾಕಿದ್ದರು. 2024ರಲ್ಲಿ ಅಲಾಸ್ಕಾದ ರದ್ದತಿ ಪ್ರಸ್ತಾವ ಎಂಟುನೂರಕ್ಕೂ ಕಡಿಮೆ ಮತದಿಂದ ಸೋತಿತು. ಅದೇ ದಿನ ಕೊಲರಾಡೊ, ಐಡಹೊ, ನೆವಾಡ, ಒರೆಗಾನ್ ಮತದಾರರು ಪ್ರಾಶಸ್ತ್ಯ ಮತ ಬೇಡ ಎಂದರು.

ವಿರೋಧ ಯಾವುದೋ ಒಂದು ಪಕ್ಷದ್ದೆಂದು ತಿಳಿಯಬಾರದು. ಅಲಾಸ್ಕಾದಲ್ಲಿ ಅಲ್ಲಿ ಬಲವಾಗಿರುವ ರಿಪಬ್ಲಿಕನ್ನರು ವಿರೋಧಿಸಿದರು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಅಲ್ಲಿ ಬಲವಾಗಿರುವ ಡೆಮಾಕ್ರಟಿಕ್ ಪಕ್ಷ ಕೋರ್ಟಿನ ಮೆಟ್ಟಿಲೇ ಹತ್ತಿತು. ನೆವಾಡದಲ್ಲಿ ಇಬ್ಬರೂ ಒಂದಾದರು. ಬೇರೆ ಯಾವುದರಲ್ಲಿಯೂ ಕೂಡದವರು ಇದರಲ್ಲಿ ಕೂಡುತ್ತಾರೆ.

ಮತ ಒಡೆಯುವ ಸಮಸ್ಯೆ ಪಕ್ಷಗಳ ಒಳಗೂ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಭಾಗದ ಕ್ಷೇತ್ರದಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಅಲ್ಲಿ ಡೆಮಾಕ್ರಟಿಕ್ ಟಿಕೆಟ್ ಸಿಕ್ಕರೆ ಗೆದ್ದಂತೆಯೇ. ಆ ಟಿಕೆಟ್‌ಗಾಗಿ ಒಂಬತ್ತು ಜನ ಪೈಪೋಟಿ ನಡೆಸಿದ ಪ್ರೈಮರಿಯನ್ನು ಅವರು ಗೆದ್ದದ್ದು ಶೇ 28 ಮತದಿಂದ. ತಪ್ಪು ಅವರದ್ದಲ್ಲ; ಉಳಿದ ಶೇ 72 ಜನ ಅವರನ್ನು ಎಷ್ಟು ಒಪ್ಪುತ್ತಿದ್ದರೆಂದು ತಿಳಿಯುವ ದಾರಿ ಆ ಮತಪತ್ರದಲ್ಲಿಲ್ಲ.

ಪ್ರಾಶಸ್ತ್ಯ ಮತ ಮೂರನೆಯವರ ಮೇಲಿನ ಆರೋಪವನ್ನು ಅಳಿಸುತ್ತದೆ, ಅವರಿಗೆ ಸ್ಥಾನ ತಂದುಕೊಡುವುದಿಲ್ಲ. ಒಂದೇ ಸ್ಥಾನವಿರುವ ಕ್ಷೇತ್ರದಲ್ಲಿ ಶೇ 15 ಜನರ ಪಕ್ಷ ಸೋಲಲೇಬೇಕು. ಅಂಥ ಪಕ್ಷಕ್ಕೂ ಸ್ಥಾನ ಸಿಗಬೇಕಾದರೆ ಒಂದೇ ಕ್ಷೇತ್ರದಿಂದ ಹಲವರನ್ನು ಮತದ ಪ್ರಮಾಣಕ್ಕೆ ತಕ್ಕಂತೆ ಆರಿಸಬೇಕು. ಇದೂ ಅಮೆರಿಕಕ್ಕೆ ಹೊಸತಲ್ಲ. ನ್ಯೂಯಾರ್ಕ್ ನಗರ 1937ರಿಂದ 1945ರವರೆಗೆ ತನ್ನ ಕೌನ್ಸಿಲನ್ನು ಹೀಗೆಯೇ ಆರಿಸಿತು. ಡೆಮಾಕ್ರಟರ ಜೊತೆ ರಿಪಬ್ಲಿಕನ್ನರು, ಲೇಬರ್ ಪಕ್ಷದವರು, ಬ್ರೂಕ್ಲಿನ್‌ನ ಪೀಟರ್ ಕಕ್ಕಿಯೋನೆ, ಹಾರ್ಲೆಮ್‌ನ ಬೆಂಜಮಿನ್ ಡೇವಿಸ್ ಎಂಬ ಇಬ್ಬರು ಕಮ್ಯುನಿಸ್ಟರೂ ಬಂದು ಕೂತರು. ಕಮ್ಯುನಿಸ್ಟ್ ಭೂತ ತೋರಿಸಿ 1947ರಲ್ಲಿ ಅದನ್ನು ರದ್ದು ಮಾಡಿಸಲಾಯಿತು. ಹಳೆಯ ಪದ್ಧತಿಯಲ್ಲಿ ನಡೆದ 1949ರ ಚುನಾವಣೆಯಲ್ಲಿ 25 ಸ್ಥಾನಗಳ ಪೈಕಿ 24 ಡೆಮಾಕ್ರಟರ ಪಾಲಾದವು. ಸಿನ್ಸಿನಾಟಿಯಲ್ಲಿ 1925ರಿಂದ ಇದ್ದ ಇಂಥದೇ ಪದ್ಧತಿ 1957ರಲ್ಲಿ ಬಿದ್ದಾಗ ಕೆಲಸ ಮಾಡಿದ್ದು ಇನ್ನೊಂದು ಭಯ. ಥಿಯೊಡೊರ್ ಬೆರಿ ಎಂಬ ಕಪ್ಪು ವಕೀಲ ಆಗ ಉಪಮೇಯರ್. ಮುಂದೆ ಮೇಯರ್ ಆಗಿಬಿಟ್ಟರೆ ಎಂಬ ಪಿಸುಮಾತು ಬಿಳಿಯರ ಬೀದಿಗಳಲ್ಲಿ ಹರಿದಾಡಿತು. ಅವರು ಮೇಯರ್ ಆದದ್ದು 1972ರಲ್ಲಿ. ಮಸಾಚುಸೆಟ್ಸ್‌ನ ಕೇಂಬ್ರಿಜ್ ಮಾತ್ರ 1941ರಿಂದ ಈವರೆಗೆ ಇದನ್ನು ಬಿಟ್ಟಿಲ್ಲ. 2024ರಲ್ಲಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್ ನಾಲ್ಕು ಕ್ಷೇತ್ರಗಳಿಂದ ತಲಾ ಮೂವರಂತೆ ಹನ್ನೆರಡು ಸದಸ್ಯರನ್ನು ಈ ಬಗೆಯಲ್ಲಿ ಆರಿಸಿಕೊಂಡಿತು.

ಪ್ರತಿನಿಧಿ ಸಭೆಗೆ ಇದನ್ನು ತರಲು ಅಡ್ಡಿಯಾಗಿರುವುದು 1967ರ ಒಂದು ಕಾಯ್ದೆ: ಒಂದು ಕ್ಷೇತ್ರಕ್ಕೆ ಒಬ್ಬನೇ ಸದಸ್ಯ ಎಂದು ಅದು ಹೇಳುತ್ತದೆ. ಅದು ಬಂದ ಕಾಲದಲ್ಲಿ ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ಇಡೀ ರಾಜ್ಯವನ್ನೇ ಒಂದು ಕ್ಷೇತ್ರ ಮಾಡಿ, ಹೆಚ್ಚು ಮತದವರಿಗೇ ಎಲ್ಲ ಸ್ಥಾನ ಸಿಗುವಂತೆ ನೋಡಿಕೊಂಡು, ಆಗಷ್ಟೇ ಮತದ ಹಕ್ಕು ಪಡೆದಿದ್ದ ಕಪ್ಪು ಜನರ ದನಿಯನ್ನು ದಕ್ಷಿಣದ ರಾಜ್ಯಗಳು ಮುಳುಗಿಸಿಯಾವೆಂಬ ಆತಂಕ ಇತ್ತು. ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿಗೆ ಆ ಆತಂಕ ಅನ್ವಯಿಸುವುದಿಲ್ಲ, ಆದರೆ ಕಾಯ್ದೆ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿಹಾಕಿದೆ. ಇದನ್ನು ಬದಲಿಸಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, ಸಾಮಾನ್ಯ ಮಸೂದೆಯೊಂದು ಸಾಕು. ಹಲವು ಸದಸ್ಯರ ಕ್ಷೇತ್ರ ಮತ್ತು ಪ್ರಾಶಸ್ತ್ಯ ಮತ ಎರಡನ್ನೂ ಕೇಳುವ ಅಂಥ ಮಸೂದೆಯನ್ನು ವರ್ಜೀನಿಯಾದ ಡಾನ್ ಬೇಯರ್ 2017ರಲ್ಲಿ ಮಂಡಿಸಿದರು, ಆಮೇಲೆಯೂ ಮತ್ತೆ ಮಂಡಿಸಿದ್ದಾರೆ. 435 ಸದಸ್ಯರ ಆ ಸಭೆಯಲ್ಲಿ ಅದು ಒಮ್ಮೆಯೂ ಮತಕ್ಕೆ ಬಂದಿಲ್ಲ.